ಸಾಲು ಬಿಟ್ಟು ನಿಂತ ಕಲ್ಲು

ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ಸೊಟ್ಟಗಿದ್ದರೂ ನನಗೆ ಊಟ ಇಳಿಯುವುದಿಲ್ಲ. ಹಳೆಯ ಕಲ್ಲುಗಳನ್ನು ಅಳೆದು ದಾಖಲಿಸುವ ನನ್ನ ಕೆಲಸಕ್ಕೆ ಈ ಗುಣ ಒಳ್ಳೆಯದೇ ಎಂದುಕೊಂಡಿದ್ದೆ, ಖಾನಾಪುರದ ಕಾಡಂಚಿನ ಗೌಳಿವಾಡೆಗೆ ಹೋಗುವವರೆಗೆ.

ಅಲ್ಲಿ ಎಮ್ಮೆ ಸಾಕಿ ಬದುಕುವ ಗೌಳಿ ಜನ ತಮ್ಮ ಹಿರಿಯರ ನೆನಪಿಗೆ ನೆಟ್ಟ ಕಲ್ಲುಗಳಿವೆ. ನಿಧಿಯಾಸೆಗೆ ಯಾರೋ ಅವುಗಳ ಬುಡ ಅಗೆದಿದ್ದರು. ಕಾಪಾಡುವ ದಾರಿ ಕೇಳಿ ವಾಡೆಯವರೇ ನಮ್ಮ ಇಲಾಖೆಯವರನ್ನು ಕರೆಸಿದ್ದರು. ಆದರೆ ಕಲ್ಲುಗಳನ್ನು ಬೆಳಗಾವಿಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಬೇಕೋ ಅಲ್ಲೇ ಉಳಿಸಬೇಕೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು. ಅದು ಅವರಿಗೂ ಗೊತ್ತಿತ್ತು. ಹಾಗಾಗಿ ಎಲ್ಲರೂ ಆಯಿ ಎಂದು ಕರೆಯುವ ವಾಡೆಯ ಹಿರಿಯಜ್ಜಿ ನನ್ನ ಟೇಪಿನ ತುದಿ ಹಿಡಿದು, ಬೆನ್ನು ಬಿಡದೆ ಸುತ್ತಿದರು.

ಕೊನೆಯ ಕಲ್ಲೊಂದು ಸಾಲು ಬಿಟ್ಟು, ಮೊಳದಷ್ಟು ಹಿಂದೆ, ಮಗ್ಗುಲಿಗೆ ತಿರುಗಿ ನಿಂತಿತ್ತು. ಅಗೆದವರದೇ ಕೆಲಸವೆಂದು ತಿಳಿದು 'ಜಾಗ ತಪ್ಪಿದೆ' ಎಂದು ಬರೆದೆ. ಅಷ್ಟಕ್ಕೆ ಸುಮ್ಮನಿರದೆ ಹಾರೆಯನ್ನೂ ತರಿಸಿದೆ.

ಆಯಿ ಅಡ್ಡ ನಿಂತರು. "ಏನ್ ಮಾಡಾಕತ್ತೀರಿ ಬಾಯಾರ?"

"ಸಾಲಿಗೆ ತರತೀನ್ರಿ ಆಯಿ."

"ಆಕಿ ಸೊಸಿ ಅದಾಳ್ರಿ. ಬಾಜೂಕ ಮಾವ ಕುಂತಾನ. ಮಾವನ ಸರಿಸಮ ಹೆಂಗ ಕುಂದರ್ತಾಳ?"

ಹಾರೆ ಕೆಳಗಿಟ್ಟೆ. ನಾಚಿಕೆಯಾಯಿತು. ಸಿಟ್ಟೂ ಬಂತು. ಸತ್ತ ಮೇಲೂ ಮಾವನಿಗೆ ಹೆದರಬೇಕೇನು ಎಂದು ಕೇಳಿಯೇಬಿಟ್ಟೆ.

ಆಯಿ ನಕ್ಕರು. "ಹೆದರಿಕಿ ಎಲ್ಲೈತ್ರಿ? ಆಕಿ ಬಾಜೂಕ ಕುಂತು ನೋಡ್ರಿ. ಮಾವಗ ಬರೇ ಗುಡ್ಡ ಕಾಣ್ತದ."

ಕೂತು ನೋಡಿದೆ. ಎಮ್ಮೆಗಳ ಹಟ್ಟಿ, ಮನೆಬಾಗಿಲು, ನೀರಿಗೆ ಹೋಗುವ ಹೆಂಗಸರು, ಎಲ್ಲ ಅಲ್ಲಿಂದಲೇ ಕಾಣುತ್ತಿತ್ತು. ಬರೆದದ್ದನ್ನು ಹೊಡೆದುಹಾಕಿ, ಒಂದೊಂದು ಕಲ್ಲಿನ ಬಳಿಯೂ ಆಯಿ ಹೇಳಿದಂತೆ ಹೊಸದಾಗಿ ಬರೆದುಕೊಂಡೆ. ಕಲ್ಲುಗಳು ಇಲ್ಲಿಂದ ಕದಲಕೂಡದು, ಬೇಲಿ ನಮ್ಮದು, ಕಾವಲು ವಾಡೆಯದು ಎಂದು ವರದಿ ಕೊಟ್ಟೆ. ಮೇಲಧಿಕಾರಿಗಳೊಂದಿಗೆ ಒಂದಿಷ್ಟು ಜಗಳವಾಡಬೇಕಾಯಿತು, ಆದರೆ ಒಪ್ಪಿದರು.

ಸುದ್ದಿ ಹೇಳಲು ಹೋದಾಗ ಆಯಿ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ, "ನಿಮ್ಮ ಮಂದ್ಯಾಗ ಸತ್ತವರಿಗೆ ಕಲ್ಲ ಇಡ್ತಾರೇನ್ರಿ?" ಎಂದು ಕೇಳಿದರು.

"ಇಲ್ರಿ ಆಯಿ. ಬೂದಿ ಹೊಳಿಗೆ ಬಿಡ್ತಾರ, ಮುಗೀತು."

ಅವರಿಗೆ ನನ್ನ ಬಗ್ಗೆ ನಿಜಕ್ಕೂ ಕನಿಕರವಾಯಿತು.

"ಹಂಗಾರ ಇಲ್ಲೇ ಬರ್ರಿ. ಸೊಸಿ ಬಾಜೂಕ ಜಾಗಾ ಐತಿ. ಆಕಿಗೂ ಮಾತಾಡಾಕ ಒಬ್ಬರು ಬೇಕಲ್ಲ."