ಕರಿ ಹರಿದ ಎತ್ತು ಯಾರದು

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಅಕ್ಕ ಮನೆ ಕಟ್ಟಿಸಿದಾಗ ಪಡಸಾಲೆಯ ಗೋಡೆಗೆ ಒಂದು ಚಿತ್ರ ಬೇಕೆಂದಳು. ಟಿಕೋಟಾದ ತವರಿನ ಬಿಳಿ ಎತ್ತು ಕರಿ ಹರಿಯುವ ಚಿತ್ರ. ಕಾರಹುಣ್ಣಿಮೆಯ ಸಂಜೆ ಊರ ಅಗಸಿ ಬಾಗಿಲಿಗೆ ಬೇವಿನೆಲೆಯ ಹಗ್ಗ ಬಿಗಿದು ಎತ್ತುಗಳನ್ನು ಓಡಿಸುತ್ತಾರೆ. ಹಗ್ಗವನ್ನು ಮೊದಲು ಹರಿದು ದಾಟಿದ್ದು ಕರಿ ಹರಿಯಿತು ಎನ್ನುತ್ತೇವೆ. ಬಿಳಿ ಎತ್ತು ಹರಿದರೆ ಹಿಂಗಾರಿ ಜೋಳ ಹುಲುಸು, ಕೆಂದೆತ್ತು ಹರಿದರೆ ಮುಂಗಾರಿ. ಈಗ ಟಿಕೋಟಾದ ಸುತ್ತ ಬರೀ ದ್ರಾಕ್ಷಿ. ದ್ರಾಕ್ಷಿಗೆ ಯಾವ ಬಣ್ಣದ ಎತ್ತು ಓಡಬೇಕೆಂದು ಯಾರೂ ಇನ್ನೂ ತೀರ್ಮಾನಿಸಿಲ್ಲ.

ಅಕ್ಕನಿಗೆ ಬೆಳೆಯ ಚಿಂತೆ ಇರಲಿಲ್ಲ. ಅವಳ ಮಾವ ಒಂದು ವರ್ಷ ಬಬಲೇಶ್ವರದಿಂದ ಕರಿಗೆ ಬಂದಿದ್ದರು. ನಮ್ಮಪ್ಪನ ಬಿಳಿ ಎತ್ತು ಎಲ್ಲವನ್ನೂ ಹಿಂದೆ ಹಾಕಿದ್ದನ್ನು ಕಂಡು, ಇಂಥ ಎತ್ತು ಕಟ್ಟಿದ ಮನೆಯ ಹೆಣ್ಣೇ ಮಗನಿಗೆ ಬೇಕೆಂದರಂತೆ. ಗಂಡನ ಮನೆಯಲ್ಲಿ ಯಾರಾದರೂ ದನಿ ಏರಿಸಿದರೆ ಅವಳು ಈ ಕತೆಯನ್ನೇ ಮುಂದಿಡುತ್ತಿದ್ದಳು.

ತೊಡಕೆಂದರೆ, ನನ್ನ ನೆನಪಿನಲ್ಲಿ ಮುಂದಿರುವುದು ಕೆಂದೆತ್ತು. ಆದರೆ ಆ ನೆನಪಿನಲ್ಲಿ ಹಸಿರು ಗುಡ್ಡವಿದೆ, ತೊರೆಯಿದೆ, ಕೊಳಲೂದುವ ದನಗಾಹಿಯೂ ಇದ್ದಾನೆ. ಟಿಕೋಟಾದಲ್ಲಿ ತೊರೆ ಎಲ್ಲಿಂದ ಬರಬೇಕು? ಹಳ್ಳಿಚಿತ್ರಗಳಲ್ಲಿ ಪ್ರಾಣಿಗಳ ಅರ್ಥ ಹುಡುಕುತ್ತ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕೂತ ನನ್ನ ತಲೆಗೆ ಯಾರದೋ ಚಿತ್ರ ಅಂಟಿಕೊಂಡಿರಬಹುದು.

ಗೋಳಗುಮ್ಮಟದ ಹತ್ತಿರ ಪ್ರವಾಸಿಗರಿಗೆ ಚಿತ್ರ ಬರೆದು ಮಾರುವ ಗೆಳೆಯನನ್ನು ಕರೆತಂದೆ. ಸುಮ್ಮನಿರಲಾರದೆ ಅವನಿಗೆ ಪಾಠ ಮಾಡಿದೆ: ಬಿಳಿ ಎತ್ತು ಶಾಂತಿಯ ಸಂಕೇತ, ಎಮ್ಮೆ ಸಹನೆಯದು, ಕುರಿ ಮುಗ್ಧತೆಯದು.

“ಶಾಂತಿ ಇದ್ರ ಅದು ಕರಿ ಹೆಂಗ ಹರೀತೈತಿ?” ಎಂದಳು ಅಕ್ಕ. “ಕುರಿ ಮುಗ್ಧ ಅಂತೀಯಲ್ಲ, ಒಮ್ಮೆ ಕಾಯಿಪಲ್ಲೆ ಮಡ್ಯಾಗ ಬಿಟ್ಟ ನೋಡು.”

ಗೆಳೆಯ ಪೆನ್ಸಿಲ್ ಚೂಪು ಮಾಡುತ್ತ ಕೇಳಿದ. “ಅಕ್ಕಾರ, ಎಮ್ಮಿ ಬೇಕೋ ಬ್ಯಾಡೋ ಹೇಳ್ರಿ. ಕಪ್ಪ ತುಂಬಾಕ ಭಾಳ ಹೊತ್ತ ಹಿಡಿತೈತಿ.”

ಎಮ್ಮೆ ಹೋಯಿತು. ಅದರ ಜೊತೆ ಸಹನೆಯೂ.

ಗೃಹಪ್ರವೇಶದ ದಿನ ಅಕ್ಕನ ಮಾವ ಚಿತ್ರದ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು.

“ಮುಂದಿನ ಎತ್ತ ಭೇಷ್ ಬಂದೈತಿ. ನಮ್ಮದ ಅಲ್ಲೇನ ಅದು? ಬಣ್ಣ ಅಷ್ಟ ತಪ್ಪೈತಿ, ನಮ್ಮದು ಕೆಂದೆತ್ತು.”

ಅಕ್ಕ ಚಹಾದ ಟ್ರೇ ಹಿಡಿದುಕೊಂಡೇ ನಿಂತಳು. “ನಿಮ್ಮದೆಲ್ಲಿಂದ ಬಂತ್ರಿ ಮಾವಾರ? ಅದು ನಮ್ಮಪ್ಪಂದು.”

“ನಿಮ್ಮಪ್ಪಂದು ಹಿಂದಿತ್ತಬೇ. ನಮ್ಮ ಎತ್ತ ಓಡಸಾಕಂತನ ನಾ ಟಿಕೋಟಾಕ ಬಂದಿದ್ದೆ.”

“ಹಂಗಾರ ನನ್ನ ಯಾಕ ಹೆಣ್ಣ ಕೇಳಿದ್ರಿ?”

“ಸೋತ ಎತ್ತಿನ ಮನ್ಯಾಗ ಬಿಗುಮಾನ ಕಡಿಮಿ ಇರ್ತೈತಿ ಅಂತ ತಿಳದಿದ್ದೆ. ಅಲ್ಲೂ ಮೋಸ ಹೋದೆ.”

ನೆರೆದವರೆಲ್ಲ ನಕ್ಕರು. ಅಕ್ಕನೂ ನಕ್ಕಳು, ಆದರೆ ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದಳು. ನನ್ನ ಕಡೆ ತಿರುಗಿದಳು.

“ಲೇ ತಮ್ಮಾ, ನೀ ಅವತ್ತ ಅಲ್ಲೇ ಇದ್ದೆಲ್ಲ. ಯಾರದ ಮುಂದಿತ್ತು, ಹೇಳು.”

ಆಧಾರ, ಸಾಕ್ಷ್ಯ, ನೆನಪನ್ನು ಏಕೆ ನಂಬಬಾರದು ಎಂಬೆಲ್ಲ ಉಪನ್ಯಾಸ ಗಂಟಲಿನವರೆಗೆ ಬಂದಿತ್ತು. ಬಾಯಿಂದ ಹೊರಟದ್ದು ಬೇರೆ.

“ನಮ್ಮದ. ಬಿಳೇದ.”

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ದೊಡ್ಡ ಸಾಲಿ ಕಲ್ತಾಂವ ಹೇಳಿದ ಮ್ಯಾಲ ಮುಗೀತು ಬಿಡ್ರಿ,” ಎಂದು ಕಪ್ ಎತ್ತಿಕೊಂಡರು.

ಅಕ್ಕ ಕೇಳದೆಯೇ ಅದಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.