ಜೂರಾಕಾನ್ ಕೊಟ್ಟ ಉತ್ತರ

ಜೂರಾಕಾನ್ ತಂದೂರಿನಲ್ಲಿ ರೊಟ್ಟಿ ಸುಟ್ಟು ಮಾರುತ್ತಿದ್ದವಳು. ಕಾರಾ-ಬುಲುನ್ ಪೇಟೆಯಲ್ಲಿ ಎಲ್ಲರಿಗೂ ಅವಳು ಎಜೆ, ಅಂದರೆ ಅಕ್ಕ. ಬಾಯಿ ಜೋರು, ಕೈ ಧಾರಾಳ. ಅವಳ ಒಬ್ಬಳೇ ಮಗಳು ಬೆರ್ಮೆತ್ ಚೊಚ್ಚಲ ಹೆರಿಗೆಯಲ್ಲಿ ರಕ್ತ ನಿಲ್ಲದೆ ನಮ್ಮೂರ ಆಸ್ಪತ್ರೆಯಲ್ಲಿ ಸತ್ತಳು. ಅಲ್ಲಿ ಕೊಡಲು ರಕ್ತವಿರಲಿಲ್ಲ. ತರಲು ಹೋದ ಗಾಡಿ ಕಣಿವೆಯ ಹಿಮದಲ್ಲಿ ಸಿಕ್ಕಿಕೊಂಡಿತ್ತು. ಕೂಸೂ ಉಳಿಯಲಿಲ್ಲ.

ನಾನಾಗ ಪ್ರಾಂತ್ಯ ಸಭೆಯ ಸದಸ್ಯ. ಪ್ರತಿ ಗುರುವಾರ ನಾವು ಎದ್ದುನಿಂತು, ಇಂಥ ವಿಷಯದ ಚರ್ಚೆಗೆ ಸಮಯ ಕೊಡಿ ಎಂದು ಕೇಳಬಹುದಿತ್ತು. ಯಾವುದಕ್ಕೆ ಸಮಯ ಎಂದು ತೀರ್ಮಾನಿಸುವವನು ಕಲಾಪದ ಮುಖ್ಯಸ್ಥ ಎಸೆನಾಮಾನ್; ನಿಂತಲ್ಲೇ ಉತ್ತರ ಕೊಡುತ್ತಿದ್ದ. ಬೆರ್ಮೆತ್ ಸತ್ತ ನಲವತ್ತನೆಯ ದಿನದ ತಿಥಿಯೂಟ ಮುಗಿದ ವಾರ ನಾನು ಎದ್ದೆ. ಜೂರಾಕಾನ್ ಪ್ರೇಕ್ಷಕರ ಸಾಲಿನಲ್ಲಿ ತಲೆಗೆ ಕಪ್ಪು ವಸ್ತ್ರ ಕಟ್ಟಿ ಕೂತಿದ್ದಳು.

"ಹೆರಿಗೇಲಿ ಹೆಣ್ಮಕ್ಕಳು ಸಾಯ್ತಿದಾರೆ. ಚರ್ಚೆಗೆ ಅರ್ಧ ದಿನ ಕೊಡಿ," ಎಂದೆ.

ಎಸೆನಾಮಾನ್ ನಕ್ಕ. "ಏನ್ ಮಾಮಿರ್, ಸೂಲಗಿತ್ತಿ ಕೆಲ್ಸ ಯಾವಾಗ ಹಿಡ್ದೆ? ನಮ್ಮಮ್ಮ ಒಂಬತ್ತು ಹೆತ್ಲಪ್ಪಾ, ಯಾವ ಸಭೇಲಿ ಚರ್ಚೆ ಆಯ್ತು? ಹೆಂಗಸ್ರ ಹೊಟ್ಟೆನೋವನ್ನೆಲ್ಲ ಇಲ್ಲಿಗೆ ತರ್ಬೇಡ. ಮುಂದಿನವ್ರು ಯಾರು?"

ಸಭೆ ಗೊಳ್ಳೆಂದು ನಕ್ಕಿತು.

ಹೊರಗೆ ಜೂರಾಕಾನ್ ನನ್ನ ತೋಳು ಹಿಡಿದಳು. ಅಳುತ್ತಿರಲಿಲ್ಲ. "ಆ ಜಾಗ ಅವನಿಗೆ ಹೆಂಗ್ ಸಿಕ್ತು?"

"ಚುನಾವಣೇಲಿ ಗೆದ್ದು, ಎಜೆ."

"ಹಂಗಾದ್ರೆ ನಾನೂ ಗೆಲ್ತೀನಿ. ಅವನು ನನ್ನ ಮುಂದೆ ನಿಂತು ಕೇಳ್ಬೇಕು."

ಹುಚ್ಚು ಹಿಡಿದಿದೆ ಎಂದರು ಜನ. ಅವಳು ಮನೆಮನೆಗೂ ಹೋದಳು. ಪ್ರತಿ ಓಣಿಯಲ್ಲೂ ಬೆರ್ಮೆತಳಂಥ ಒಬ್ಬಳು ಸತ್ತಿದ್ದಳು. ಅದನ್ನು ಹೇಳಿಕೊಳ್ಳಲು ಆ ಹೆಂಗಸರಿಗೆ ಯಾರೂ ಸಿಕ್ಕಿರಲಿಲ್ಲ. ಜೂರಾಕಾನ್ ಗೆದ್ದಳು. ಎಸೆನಾಮಾನನೂ ಗೆದ್ದ, ಆದರೆ ಅವನ ಗುಂಪು ಸೊರಗಿತ್ತು. ಅಧಿಕಾರಕ್ಕೆ ಬಂದ ಹೊಸ ಗುಂಪಿನವರು ಯಾವ ಹುದ್ದೆ ಬೇಕೆಂದು ಕೇಳಿದಾಗ ಅವಳು, "ಕಲಾಪದ್ದು. ಬೇರೇನೂ ಬೇಡ," ಎಂದಳು.

ಶಾಲೆಯ ಶೌಚಾಲಯ, ಕ್ಷಯ, ಕುಡಿದು ಹೆಂಡತಿಯನ್ನು ಹೊಡೆಯುವ ಗಂಡಂದಿರು, ಹೀಗೆ ಕೇಳಿದವರಿಗೆಲ್ಲ ಸಮಯ ಕೊಟ್ಟಳು. ತನ್ನ ಮಗಳ ವಿಷಯವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಅವಳು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಏನನ್ನು ಎಂಬುದು ಗೊತ್ತಿರಲಿಲ್ಲ.

ಎಸೆನಾಮಾನನ ಹೆಂಡತಿ ತುರ್ಸುನಾಯಳಿಗೆ ಮೂತ್ರಪಿಂಡ ಕೆಟ್ಟಿತು. ಡಯಾಲಿಸಿಸ್‌ಗೆ ವಾರವಾರವೂ ಕಣಿವೆ ದಾಟಿ ರಾಜಧಾನಿಗೆ ಹೋಗಬೇಕಿತ್ತು. ಒಂದು ಗುರುವಾರ ಅವನು ಎದ್ದ. ಮುಖ ಇಳಿದಿತ್ತು.

"ಎಜೆ, ನಮ್ಮೂರಿಗೂ ಡಯಾಲಿಸಿಸ್ ಬೇಕು. ಚರ್ಚೆಗೆ ಸಮಯ ಕೊಡಿ."

"ಓಹೋ, ಈಗ ನಾನು ನಿಂಗೆ ಎಜೆ ಆದ್ನಾ?" ಎಂದಳು. "ಹೆಂಗಸ್ರ ಹೊಟ್ಟೆನೋವನ್ನೆಲ್ಲ ಇಲ್ಲಿಗೆ ತರ್ಬೇಡಪ್ಪಾ. ಮುಂದಿನವ್ರು ಯಾರು?"

ಯಾರೂ ನಗಲಿಲ್ಲ. ಅವನು ಕುಸಿದು ಕೂತ.

ಸಂಜೆ ನಾನು ಅವಳ ಮನೆಗೆ ಹೋದೆ. "ತುರ್ಸುನಾಯ್ ಏನ್ ಮಾಡಿದ್ಲು ನಿಂಗೆ? ನಿನ್ ಮಗಳು ಹೋದಾಗ ನಿನ್ ಪಕ್ಕದಲ್ಲಿ ಕೂತು ಅತ್ತವಳು ಅವಳು."

"ಬೆರ್ಮೆತ್ ಏನ್ ಮಾಡಿದ್ಲು ಅವನಿಗೆ?" ಎಂದಳು.

ಮುಂದಿನ ವಾರ ಅವನು ಮತ್ತೆ ಕೇಳಿದ. ಅವಳು ಕನ್ನಡಕ ತೆಗೆದಿಟ್ಟಳು. "ಕೊಡ್ತೀನಿ. ಅದಕ್ಕೆ ಮುಂಚೆ ಬಾಣಂತಿಯರ ಸಾವಿನ ಚರ್ಚೆ ಆಗ್ಬೇಕು. ಶುರು ಮಾಡೋನು ನೀನೇ. ಸತ್ತವರ ಮನೆಗಳಿಗೆ ಹೋಗು, ಹೆಂಗೆ ಸತ್ರು ಅಂತ ತಾಯಂದಿರ ಬಾಯಿಂದ ಕೇಳು, ಬಂದು ಇಲ್ಲಿ ಹೇಳು. ನಮ್ಮನೆಗೂ ಬಾ."

ಬಂದ. ನಮ್ಮಲ್ಲಿ ಶತ್ರು ಬಂದರೂ ಮುಂದೆ ರೊಟ್ಟಿ ಇಡುತ್ತಾರೆ. ತಂದೂರು ಉರಿಯುತ್ತಿದ್ದ ಆ ಮನೆಯಲ್ಲಿ ಜೂರಾಕಾನ್ ಅವನಿಗೆ ಕೂರಲು ಹಾಸು ತೋರಿಸಿದಳು, ರೊಟ್ಟಿ ಇಡಲಿಲ್ಲ. ಹಾಸಿಗೆ ಹೇಗೆ ಒದ್ದೆಯಾಯಿತು, ಮಗಳ ತುಟಿ ಹೇಗೆ ಬಿಳಿಚಿಕೊಂಡಿತು, ಕೊನೆಗೆ ಏನು ಕೇಳಿದಳು, ಎಲ್ಲವನ್ನೂ ಹೇಳಿದಳು. ಅವನು ತಲೆ ತಗ್ಗಿಸಿದಾಗಲೆಲ್ಲ, "ನನ್ ಮುಖ ನೋಡು," ಎಂದಳು.

ಸಭೆಯಲ್ಲಿ ಅವನು ಅಷ್ಟನ್ನೂ ಹೇಳಿದ. ಬೆರ್ಮೆತಳ ಹೆಸರು ಬಂದಾಗ ಅತ್ತುಬಿಟ್ಟ. ಜೂರಾಕಾನ್ ಎದುರಿಗೇ ಕೂತಿದ್ದಳು. "ನೀರು ಕುಡ್ದು ಮುಂದುವರಿಸಿ," ಎಂದಳಷ್ಟೆ.

ಆಸ್ಪತ್ರೆಗೆ ರಕ್ತನಿಧಿ ಬಂತು. ಡಯಾಲಿಸಿಸ್ ಯಂತ್ರಗಳೂ ಬಂದವು. ತುರ್ಸುನಾಯ್ ಈಗ ಊರಲ್ಲೇ ಚಿಕಿತ್ಸೆ ಪಡೆಯುತ್ತಾಳೆ.

"ಈಗ ಸಮಾಧಾನ ಆಯ್ತಾ ಎಜೆ?" ಎಂದು ಒಮ್ಮೆ ಕೇಳಿದೆ.

"ಇಲ್ಲ. ಅತ್ತು ಕಣ್ಣೊರೆಸ್ಕೊಂಡು ಅವನು ಮನೆಗೆ ಹೋದ. ಮನೇಲಿ ಹೆಂಡ್ತಿ ಇದ್ಲು."

ಬಾಣಂತಿಯರ ಸಾವಿನ ಚರ್ಚೆಯನ್ನು ಅವಳು ಪ್ರತಿ ಚಳಿಗಾಲಕ್ಕೂ ಖಾಯಂ ಮಾಡಿದ್ದಾಳೆ. ಮೊದಲು ಮಾತಾಡುವವರ ಹೆಸರನ್ನು ತಾನೇ ಕರೆಯುತ್ತಾಳೆ. ಪ್ರತಿ ವರ್ಷವೂ ಎಸೆನಾಮಾನ್ ಎದ್ದುನಿಲ್ಲುತ್ತಾನೆ.