ಅಕ್ಕೋರ ಚಪ್ಪಟೆ ಬೆರಳು

ಅಕ್ಕೋರ ಎಡಗೈಯ ತೋರುಬೆರಳ ತುದಿ ಚಪ್ಪಟೆಯಾಗಿತ್ತು. ಹರೆಯದಲ್ಲಿ ಕಾದ ಸೋಲ್ಡರಿಂಗ್ ಕಡ್ಡಿ ತಾಗಿ ಸುಟ್ಟದ್ದಂತೆ. ಉಗುರು ಅರ್ಧವೇ ಬೆಳೆಯುತ್ತಿತ್ತು. ಹಾನಗಲ್ಲಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವಾಗ ಅವರು ನಮಗೆ ಲ್ಯಾಬ್ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ, ಮೇಡಂ ಎಂದು ಕರೆದರೆ ಇವರು ತಿರುಗಿಯೂ ನೋಡುತ್ತಿರಲಿಲ್ಲ. ಹಂಸಭಾವಿಯಿಂದ ಬಸ್ಸಿಗೆ ಬಂದು, ಹೆಗಲ ಚೀಲ ಇಳಿಸುವ ಮೊದಲೇ ಯಾರದಾದರೂ ಸರ್ಕಿಟ್ಟಿನ ಮೇಲೆ ಆ ಬೆರಳಿಡುವರು. ಆಸಿಲೋಸ್ಕೋಪಿನ ಪರದೆಯ ಗೆರೆ ಎದ್ದು ಕುಣಿಯುವುದು.

"ನನ್ನ ಬೆರಳೂ ಈಗ ಸರ್ಕಿಟ್‌ನ್ಯಾಗ ಐತಿ. ನಿನ್ನ ಕಂಪ್ಯೂಟರ್‌ನ್ಯಾಗ ಅದು ಎಲ್ಲೈತಿ, ತೋರ್ಸು" ಎನ್ನುವರು. ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲೇ ಮಾಡಿ ನೋಡುವ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಯ ವರ್ಷ ನಾನು ಬೆರಳಿನಿಂದ ನಾಡಿಬಡಿತ ಅಳೆಯುವ ಉಪಕರಣ ಮಾಡಹೊರಟೆ. ಬೆರಳಿನ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ಫೋಟೊಡಯೋಡ್. ಬೆಳಕು ಬಿದ್ದರೆ ಅದು ಕೊಡುವ ಕರೆಂಟು ಇಷ್ಟೇ ಇಷ್ಟು. ಅದನ್ನು ಅಳೆಯಬಹುದಾದ ವೋಲ್ಟೇಜಾಗಿ ಮಾಡಿಕೊಡುವುದು ಟ್ರಾನ್ಸ್‌ಇಂಪಿಡೆನ್ಸ್ ಆಂಪ್ಲಿಫೈಯರ್. ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿದಾಗ ಫ್ರೀಕ್ವೆನ್ಸಿ ಗ್ರಾಫು ಹಲಗೆಯಂತೆ ಸಪಾಟಾಗಿ ಬಂತು. ಕಟ್ಟಿ ನೋಡಿದರೆ ಬೆರಳಿಲ್ಲ, ಬೆಳಕಿಲ್ಲ, ಸರ್ಕಿಟ್ಟು ತನ್ನಷ್ಟಕ್ಕೆ ತಾನೇ ಕಂಪಿಸುತ್ತಿತ್ತು. ಮೂರು ಐಸಿ ಬದಲಿಸಿದೆ. ಮರುದಿನ ಪರೀಕ್ಷೆ, ನಪಾಸಾದರೆ ನಮ್ಮೂರು ಹಿರೇಬೆಂಡಿಗೇರಿಗೆ ಮರಳಿ, ಅಪ್ಪ ತೋರಿಸಿದ ಗಂಡಿಗೆ ಕೊರಳೊಡ್ಡಬೇಕು. ಬೆಂಚಿಗೆ ತಲೆಯಿಟ್ಟು ಅತ್ತೆ.

"ಅಳೂದು ಆಮ್ಯಾಲೆ. ವಾಯರ್ ಎಷ್ಟುದ್ದ ಐತಿ?" ಎಂದರು ಅಕ್ಕೋರು.

"ಒಂದ್ ಮಾರು ಇರಬೇಕ್ರಿ."

"ಸಿಮ್ಯುಲೇಶನ್‌ನ್ಯಾಗ?"

ಅಲ್ಲಿ ವಾಯರೇ ಇರಲಿಲ್ಲ. ಡಯೋಡಿನ ಜಾಗದಲ್ಲಿ ಬರಿಯ ಕರೆಂಟಿನ ಚಿಹ್ನೆ ಇಟ್ಟಿದ್ದೆ. ಡಯೋಡಿಗೂ ವಾಯರಿಗೂ ತಮ್ಮದೇ ಕೆಪಾಸಿಟೆನ್ಸ್, ಅಂದರೆ ಚಾರ್ಜು ಹಿಡಿದಿಡುವ ಗುಣ, ಇರುತ್ತದೆಂದು ಪುಸ್ತಕದಲ್ಲಿ ಅಡಿಗೆರೆ ಎಳೆದು ಓದಿದವಳೇ ನಾನು! ಅಕ್ಕೋರು ಅವೆರಡನ್ನೂ ಹಾಕಿಸಿದರು. ಸಪಾಟು ಗೆರೆ ಒಂದೆಡೆ ಗುಡ್ಡದಂತೆ ಎದ್ದಿತು, ಕಂಪನದ ಮೂಲ ಅದೇ.

"ಕಂಪ್ಯೂಟರ್ ಸುಳ್ಳ ಹೇಳೂದಿಲ್ಲವಾ. ನೀನ ಅದಕ್ಕ ಅರ್ಧಾ ಹೇಳಿದ್ದಿ."

ಆಮೇಲೆ ಫೀಡ್‌ಬ್ಯಾಕ್ ರೆಸಿಸ್ಟರಿನ ಜೊತೆಗೆ ಚಿಕ್ಕದೊಂದು ಕೆಪಾಸಿಟರ್ ಸೇರಿಸಿದೆವು. ಗುಡ್ಡ ಇಳಿಯಿತು. ಹುರುಪಿನಲ್ಲಿ ನಾನು ಇನ್ನೂ ದೊಡ್ಡದು ಹಾಕಹೋದರೆ ಕೈ ಹಿಡಿದರು. "ಸಾಕ್ ಸಾಕು, ಸರ್ಕಿಟ್ ಮಂದ ಆಗ್ತೈತಿ." ಬೆಂಚಿನ ಮೇಲಿನ ಕಂಪನವೂ ನಿಂತಿತು. ಕೊನೆಗೆ ಅವರು ಯಾವಾಗಲೂ ಹೇಳುವ ಮಾತು: "ಈಗ ನಿನ್ನ ಬೆರಳಿಗೆ ಹಾಕಿ ನೋಡು. ಗೊತ್ತಿದ್ದದ್ದನ್ನ ಸರಿ ತೋರಿಸಿದ್ರ, ಗೊತ್ತಿಲ್ಲದ್ದನ್ನೂ ನಂಬಬಹುದು."

ನಾನು ಪಾಸಾದೆ. ಈಗ ಶಿಗ್ಗಾಂವಿ, ಸವಣೂರು, ರಟ್ಟೀಹಳ್ಳಿಯ ಆಸ್ಪತ್ರೆಗಳನ್ನು ಸುತ್ತಿ ಉಪಕರಣ ರಿಪೇರಿ ಮಾಡುವುದೇ ನನ್ನ ಕೆಲಸ. ಮದುವೆಯನ್ನೂ ನನಗೆ ಬೇಕಾದಾಗಲೇ ಮಾಡಿಕೊಂಡೆ.

ಹೋದ ಮಳೆಗಾಲದಲ್ಲಿ ಅಕ್ಕೋರು ಆಸ್ಪತ್ರೆ ಸೇರಿದರು. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ರೋಗ. ಡಾಕ್ಟರು ಕೈಚೆಲ್ಲಿದ್ದರು, ನಾನು ಚೆಲ್ಲಲು ತಯಾರಿರಲಿಲ್ಲ. ಒಂದು ಮಧ್ಯಾಹ್ನ ನಾನು ಓಡಿಹೋದಾಗ ಅವರ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಚಿಮಟ ಹಾಕಿದ್ದರು. ಒಳಗಿರುವುದು ಅದೇ ಬೆಳಕು, ಅದೇ ಡಯೋಡು. ಪರದೆಯಲ್ಲಿ ಅರವತ್ತೆಂಟು. ತೊಂಬತ್ತೈದರ ಮೇಲೆ ಇರಬೇಕಾದದ್ದು.

ನೋಡಿದರೆ, ಚಿಮಟ ಕುಂತದ್ದು ಆ ಚಪ್ಪಟೆ ಬೆರಳಿನ ಮೇಲೆ. ನನಗೆ ನಗುವೇ ಬಂತು. "ಸುಟ್ಟ ಬೆರಳಿಗೆ ಹಾಕೀರಲ್ರಿ ಸಿಸ್ಟರ್!" ಎಂದು ನರ್ಸಮ್ಮನ ಮೇಲೆ ಹರಿಹಾಯ್ದು ನಡುಬೆರಳಿಗೆ ಹಾಕಿದೆ. ಅರವತ್ತೆಂಟು. ಬಲಗೈ: ಅರವತ್ತೇಳು. ಕಿಟಕಿಯ ಬೆಳಕು ಬೀಳುತ್ತಿರಬೇಕೆಂದು ಸೆರಗು ಮುಚ್ಚಿದೆ. ವಾಯರು ಹಳೆಯದೆಂದು ನನ್ನ ಚೀಲದಿಂದ ಹೊಸದು ತೆಗೆದು ಜೋಡಿಸಿದೆ. ಆಗಲೂ ಅರವತ್ತೇಳು.

"ಮಷಿನ್ ಬರೋಬ್ಬರಿ ಐತ್ರಿ" ಎಂದಳು ನರ್ಸಮ್ಮ. "ನಿಮಗೇನ್ ಗೊತ್ತ್ರಿ!" ಎಂದು ಚೀರಿದೆ. ಹತ್ತು ವರ್ಷ ಕೆಟ್ಟ ಯಂತ್ರಗಳನ್ನು ಬೈದವಳು, ಅವತ್ತು ಇದೊಂದು ಕೆಟ್ಟಿರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ.

ಅಕ್ಕೋರು ಮಾಸ್ಕು ಸರಿಸಿದರು. ಒಂದೊಂದೇ ಮಾತು.

"ನಿನ್ನ... ಬೆರಳಿಗೆ... ಹಾಕಿ ನೋಡು."

ಅದೊಂದನ್ನೇ ನಾನು ಬೇಕೆಂದೇ ಬಿಟ್ಟಿದ್ದೆ.

"ಬ್ಯಾಡ್ರಿ ಅಕ್ಕೋರೆ."

"ಹಾಕು."

ಹಾಕಿಕೊಂಡೆ. ತೊಂಬತ್ತೆಂಟು. ಅವರು ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು. ಲ್ಯಾಬಿನಲ್ಲಿ ಸರ್ಕಿಟ್ಟು ಸರಿಹೋದಾಗ ನೋಡುತ್ತಿದ್ದ ಹಾಗೆಯೇ.

"ಸರ್ಕಿಟ್... ಚಲೋ ಐತಿ. ಇನ್ನ... ಅಳು."

ಮರುದಿನ ಬೆಳಿಗ್ಗೆ ಹೋದರು.

ಈಗಲೂ ರಿಪೇರಿ ಮುಗಿದ ಮೇಲೆ ಚಿಮಟವನ್ನು ಮೊದಲು ನನ್ನ ಬೆರಳಿಗೇ ಹಾಕುತ್ತೇನೆ. ತೊಂಬತ್ತೆಂಟು ಬಂದರೆ ಯಂತ್ರ ಸರಿಯಿದೆಯೆಂಬ ಕಾಗದಕ್ಕೆ ಸಹಿ ಮಾಡಬೇಕು. ಮಾಡುತ್ತೇನೆ. ಬೆರಳು ತೆಗೆಯಲು ಮಾತ್ರ ತುಸು ಹೊತ್ತು ಹಿಡಿಯುತ್ತದೆ.